ಟ್ರೀಟ್‌ಮೆಂಟ್ ಮುಗೀತು, ನಾನಿನ್ನೂ ಮನೆಗೆ ಬಂದಿಲ್ಲ ಅನ್ಸುತ್ತೆ

ಟೈಲರಮ್ಮ_ತಿಪಟೂರು

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಇಲ್ಲಿ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಬರೀತಿರೋದು ಇದೇ ಮೊದಲು. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಂಗೆ 44. ಮನೆ ಮುಂದಿನ ರೂಮಲ್ಲೇ ಮಿಷಿನ್ ಇಟ್ಕೊಂಡು ಬ್ಲೌಸ್ ಹೊಲೀತೀನಿ, 19 ವರ್ಷದಿಂದ. ಸ್ತನ ಕ್ಯಾನ್ಸರ್ ಅಂತ ಎಡಗಡೆ ಎದೆ ತೆಗೆದ್ರು. ನಾಲ್ಕು ಸಲ ಆ ಕೆಂಪು ಕೀಮೋ ಔಷಧಿ, ಆಮೇಲೆ ವಾರಕ್ಕೊಂದರಂತೆ 12 ಕೀಮೋ, ರೇಡಿಯೇಶನ್ 15. ಈಗ ಕಾಯಿಲೆ ಮರಳಿ ಬರದಿರ್ಲಿ ಅಂತ ದಿನಾ ಒಂದು ಟ್ಯಾಮಾಕ್ಸಿಫೆನ್ ಮಾತ್ರೆ. ಐದು ವರ್ಷ ತಗೋಬೇಕು ಅಂದಿದಾರೆ.

ರೇಡಿಯೇಶನ್ ಮುಗಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದ್ರು. ಮನೇಲಿ ಅತ್ತೆ ಒಬ್ಬಟ್ಟು ಮಾಡಿದ್ರು. ಮಗ ಸ್ಟೇಟಸ್ ಹಾಕ್ದ. ಒಂದು ವಾರ ಜನ ಬಂದ್ರು, ಹೋದ್ರು. ಆಮೇಲೆ ಒಂದು ಮಂಗಳವಾರ ಬೆಳಿಗ್ಗೆ ಎದ್ದೆ, ಎಲ್ಲಿಗೂ ಹೋಗೋದಿಲ್ಲ, ಯಾವ ರಿಪೋರ್ಟೂ ಬರೋದಿಲ್ಲ. ಅವತ್ತು ಅತ್ತಿದ್ದು ನೋಡಿ, ಕಾಯಿಲೆ ಅಂತ ಗೊತ್ತಾದ ದಿನಾನೂ ಅಷ್ಟು ಅತ್ತಿರ್ಲಿಲ್ಲ. ನನ್ನ ಕೈಯಲ್ಲಿ ಯಾವ ನರ ಸಿಗುತ್ತೆ ಅಂತ ಗೊತ್ತಿದ್ದ ಸಿಸ್ಟರ್ ನೆನಪಾಗ್ತಿದ್ರು. ಆಸ್ಪತ್ರೆನ ಯಾರಾದ್ರೂ ಮಿಸ್ ಮಾಡ್ಕೋತಾರಾ?

ಈಗ ಆರು ತಿಂಗಳಾಯ್ತು. ಎಲ್ಲರೂ "ಹುಷಾರಾದ್ರಲ್ಲ ಬಿಡಿ" ಅಂತಾರೆ, ನಾನೂ ಹೂಂ ಅಂತೀನಿ. ಬೆರಳ ತುದಿ ಜೋಮು. ಸೂಜಿ ಹಿಡಿದಿದೀನೋ ಇಲ್ವೋ ಅಂತ ಕಣ್ಣಲ್ಲಿ ನೋಡಿದ್ರೇನೆ ಗೊತ್ತಾಗೋದು. ಹುಕ್ಕು ಹಾಕೋಕೆ ಕೂತ್ರೆ ಬಟ್ಟೆ ಮೇಲೆ ರಕ್ತದ ಚುಕ್ಕೆ ಬಿದ್ಮೇಲೆ ಚುಚ್ಚಿದ್ದು ಗೊತ್ತಾಗುತ್ತೆ. ಅಳತೆ ಟೇಪು ಹಿಡಿದು ಬೇರೆ ಹೆಂಗಸರ ಎದೆ ಸುತ್ತಳತೆ ತಗೊಳ್ಳೋವಾಗ ಏನಾಗುತ್ತೆ ಅಂತ ನಾನು ಬರೆಯಲ್ಲ, ಅರ್ಥ ಆಗೋರಿಗೆ ಆಗುತ್ತೆ. 34, 36 ಅಂತ ಪುಸ್ತಕದಲ್ಲಿ ಬರ್ಕೋತೀನಿ. ಆ ಪುಸ್ತಕದ ಮೊದಲನೇ ಪುಟದಲ್ಲಿ ನನ್ನದೇ ಅಳತೆ ಇದೆ, ಅದನ್ನ ದಾಟಿಸ್ಕೊಂಡು ತೆಗೀತೀನಿ.

ಸೆರಗು ಎಡಗಡೆ ಬೀಳುತ್ತಲ್ಲ, ದೇವರು ಅಷ್ಟಾದ್ರೂ ಕಣ್ಬಿಟ್ಟ.

ಮೊದಲಿನ ನಾನು ಯಾವಾಗ ವಾಪಸ್ ಬರ್ತೀನಿ? ನಿಮಗೆಲ್ಲ ಎಷ್ಟು ದಿನ ಹಿಡೀತು?

---

ಮೈಸೂರು_ಪಾಕ

ಅಕ್ಕ, ಓದ್ತಾ ಓದ್ತಾ ಗಂಟಲು ಕಟ್ತು. ನಮ್ಮಮ್ಮಂಗೂ ಇದೇ. ಉತ್ತರ ನಂಗೆ ಗೊತ್ತಿಲ್ಲ, ನೀವು ಬರೆದಿದ್ದನ್ನ ಅಮ್ಮಂಗೆ ಓದಿ ಹೇಳ್ತೀನಿ.

---

ಆರೋಗ್ಯವೇ_ಭಾಗ್ಯ

ಮೇಡಂ, ನೆಗೆಟಿವ್ ಯೋಚನೆಯಿಂದಲೇ ಕಾಯಿಲೆ ಮರಳಿ ಬರುವುದು. ಸದಾ ಪಾಸಿಟಿವ್ ಆಗಿರಿ, ನಗುನಗುತ್ತಾ ಇರಿ. ಜೊತೆಗೆ ಲಕ್ಷ್ಮಣ ಫಲದ ಎಲೆ ಕಷಾಯ ಬೆಳಿಗ್ಗೆ ಸಂಜೆ ಕುಡಿಯಿರಿ. ಕೀಮೋಗಿಂತ ಸಾವಿರ ಪಟ್ಟು ಶಕ್ತಿ. ಬೇಕಾದಲ್ಲಿ ಪುಡಿ ಕೊರಿಯರ್ ಮಾಡುತ್ತೇವೆ, ನಂಬರ್: (ಅಡ್ಮಿನ್ ತೆಗೆದಿದ್ದಾರೆ)

---

ಡೇಕೇರ್_ಸಿಸ್ಟರ್

@ಆರೋಗ್ಯವೇ_ಭಾಗ್ಯ, ಪುಡಿ ಮಾರೋದನ್ನ ಬೇರೆ ಕಡೆ ಇಟ್ಕೊಳ್ಳಿ. ಆ ಗಿಡದ ಎಲೆ, ಬೀಜದಲ್ಲಿ ಅನೊನಾಸಿನ್ ಅಂತ ಒಂದು ಅಂಶ ಇದೆ, ನರಕ್ಕೆ ವಿಷ. ಕೆರಿಬಿಯನ್‌ನ ಗ್ವಾಡಲೂಪ್ ದ್ವೀಪದಲ್ಲಿ ಅದರ ಹಣ್ಣು, ಎಲೆ ಚಹಾ ತುಂಬಾ ಬಳಸೋ ಜನರಲ್ಲಿ ಮೈ ನಡುಗೋ ಪಾರ್ಕಿನ್ಸನ್ ಥರದ ಕಾಯಿಲೆ ಜಾಸ್ತಿ ಕಂಡು ಅದನ್ನ ಅಧ್ಯಯನ ಮಾಡಿದಾರೆ. ಇವರಿಗೆ ಈಗಾಗ್ಲೇ ಬೆರಳ ನರ ಸೋತಿದೆ, ಮೇಲೆ ಇದು ಬೇರೆ ಬೇಕಾ?

ಇನ್ನು ಆ "ನೆಗೆಟಿವ್ ಯೋಚನೆಯಿಂದ ಮರಳಿ ಬರುತ್ತೆ" ಅನ್ನೋ ಮಾತು. ಹದಿನಾರು ವರ್ಷ ಕೀಮೋ ಡೇಕೇರಲ್ಲಿ ಕೆಲಸ ಮಾಡಿದೀನಿ. ನಗುನಗುತ್ತಾ ಇದ್ದವರೂ ಹೋಗಿದಾರೆ, ದಿನಾ ಬೈಕೊಂಡು ಬರ್ತಿದ್ದವರು ಮೊಮ್ಮಕ್ಕಳ ಮದುವೆಗೆ ಕರೆಯೋಕೆ ಬಂದಿದಾರೆ. ಅತ್ತ ಮಾತ್ರಕ್ಕೆ ಕ್ಯಾನ್ಸರ್ ಮರಳಿ ಬರಲ್ಲ. ಈ ಮಾತು ಕೇಳಿ ಕೇಳಿ ಅಳೋದಕ್ಕೂ ಹೆದರ್ತಾರೆ ಪಾಪ, ಅತ್ತಿದ್ದಕ್ಕೆ ಮತ್ತೆ ತಪ್ಪಿತಸ್ಥ ಭಾವನೆ ಬೇರೆ.

ಟೈಲರಮ್ಮ, ನಿಮಗೆ ರಾತ್ರಿ ಡ್ಯೂಟಿ ಮುಗಿಸ್ಕೊಂಡು ಬಂದು ಉದ್ದಕ್ಕೆ ಬರೀತೀನಿ.

---

ಕಂಡಕ್ಟರ್_ಹುಬ್ಬಳ್ಳಿ

ಅಕ್ಕಾರ, ನಮಸ್ಕಾರ್ರಿ. ನಂದು ಬಾಯಿ ಕ್ಯಾನ್ಸರ್. ಗುಟ್ಕಾ ತಿಂದಿದ್ದು 22 ವರ್ಷ, ಸುಳ್ಳ ಯಾಕ ಹೇಳ್ಲಿ. ಬಲಗಡಿ ದವಡಿ ತಗದಾರ, ಎದಿ ಮ್ಯಾಲಿನ ಮಾಂಸ ತಗೊಂಡು ಗಲ್ಲಕ್ಕ ಹಚ್ಚ್ಯಾರ. ಎದಿ ಮ್ಯಾಗಿನ ಚರ್ಮ ನೋಡ್ರಿ ಅದು, ಬಾಯಾಗ ಕೂದಲಾ ಬಂದಿದ್ವು! ತಲಿ ಬೋಳ, ಬಾಯಾಗ ಕೂದಲಾ. ರೇಡಿಯೇಶನ್ ಕೊಟ್ಟ ಮ್ಯಾಲೆ ನಿಂತ್ವು. ಹೆಂಡತಿ ಮುಂದ ಹೇಳಿ ನಕ್ಕಿದ್ದೆ, ಆಕಿ ನಗಲಿಲ್ಲ.

ನಾನು ಬಸ್ ಕಂಡಕ್ಟರ್ ಇದ್ದೆ. "ರೈಟ್" ಅಂದ್ರ ಬಸ್ಸಿನ ಹಿಂದಿನ ಸೀಟಿನವರಿಗಷ್ಟ ಅಲ್ಲ, ಸ್ಟ್ಯಾಂಡಿನ ಹೊರಗ ಚಾದ ಅಂಗಡ್ಯಾಂವಗೂ ಕೇಳ್ತಿತ್ತು. ಊರ ಹೆಸರು ಒಂದ ಉಸುರಿನ್ಯಾಗ ಕೂಗ್ತಿದ್ದೆ, ಕುಂದಗೋಳ ಲಕ್ಷ್ಮೇಶ್ವರ ಶಿರಹಟ್ಟಿ ಅಂತ. ಈಗ "ರೈಟ್" ಅಂದ್ರ "ಲೈಪ್" ಅಂತ ಬರ್ತೈತಿ. ಡಿಪೋದಾಗ ಕುಂತು ಮಾಡೂ ಕೆಲಸ ಕೊಟ್ಟಾರ. ಪಗಾರ ಬರ್ತೈತಿ, ಊಟ ಸೇರ್ತೈತಿ, ಎಲ್ಲಾ ಖರೇ. ಆದ್ರ ನಾನು ಯಾರು ಅಂತ ಕೇಳಿದ್ರ ಏನ್ ಹೇಳೂದ್ರಿ?

ನೀವು ಕೇಳೀರಲ್ಲ, ಮೊದಲಿನ ನಾನು ಯಾವಾಗ ವಾಪಸ್ ಬರ್ತೀನಿ ಅಂತ. ನನಗ ಮೂರು ವರ್ಷ ಆತ್ರಿ. ಅಂವ ಬಂದಿಲ್ಲ. ಬರೂದಿಲ್ಲ ಅನಸ್ತೈತಿ. ಒಂದ ದಿನ ಅಂವನ ಹಾದಿ ಕಾಯೂದು ಬಿಟ್ಟೆ. ಬಿಟ್ಟ ಮ್ಯಾಲೆ ಸ್ವಲ್ಪ ಹಗುರ ಆತು ನೋಡ್ರಿ. ಯಾಕ ಅಂತ ನನಗೂ ತಿಳೀಲಿಲ್ಲ.

ಐಸ್‌ಕ್ರೀಮ್ ಕಡ್ಡಿ ಒಂದರ ಮ್ಯಾಲೊಂದು ಹಲ್ಲಿನ ನಡುವ ಇಟ್ಟು ಬಾಯಿ ತಗಿಯೂ ವ್ಯಾಯಾಮ ಕೊಟ್ಟಾರ. ಮೊದಲ ಆರು ಕಡ್ಡಿ ಹಿಡೀತಿದ್ದವು, ಈಗ ಹದಿನೇಳು. ರೊಟ್ಟಿ ಹಾಲಿನ್ಯಾಗ ನೆನಸಿ ತಿಂತೀನಿ. ಖಾರ ಮಾತ್ರ ಬೆಂಕಿ, ನಮ್ಮ ಊರಾಗ ಖಾರ ಇಲ್ದ ಊಟ ಅಂದ್ರ ಊಟನ ಅಲ್ಲ.

---

ಟೈಲರಮ್ಮ_ತಿಪಟೂರು

ಅಣ್ಣಾ, ಬಾಯಲ್ಲಿ ಕೂದಲು ಅಂದಿದ್ದು ಓದಿ ನಕ್ಕುಬಿಟ್ಟೆ, ಆಮೇಲೆ ನಕ್ಕಿದ್ದಕ್ಕೆ ಸಂಕಟ ಆಯ್ತು. ನಂದು ಉಲ್ಟಾ. ನೆಟ್ಟಗಿದ್ದ ಕೂದಲು ಈಗ ಗುಂಗುರಾಗಿ ಬಂದಿದೆ. ಮೊನ್ನೆ ಒಬ್ಬ ಗಿರಾಕಿ "ಯಾವ ಪಾರ್ಲರಲ್ಲಿ ಮಾಡಿಸಿದ್ರಿ, ಎಷ್ಟಾಯ್ತು" ಅಂದ್ರು. ಆರು ಲಕ್ಷ ಅನ್ನೋಣ ಅನ್ಕೊಂಡೆ.

---

ಕಡಲ_ತಡಿ

ಎಂತ ಹೇಳುದು ಮಾರಾಯ್ರೆ, ನಂದು ಥೈರಾಯ್ಡ್. 27ನೇ ವಯಸ್ಸಿಗೆ. ಡಾಕ್ಟರಿಂದ ಹಿಡಿದು ಪಕ್ಕದ ಮನೆಯವರ ತನಕ ಎಲ್ಲರೂ "ಅದು ಒಳ್ಳೆ ಕ್ಯಾನ್ಸರ್" ಅಂದ್ರು. ಒಳ್ಳೆ ಕ್ಯಾನ್ಸರ್ ಅಂತೆ! ಹಾಗಾಗಿ ನಂಗೆ ಬೇಜಾರು ಮಾಡ್ಕೊಳ್ಳುವ ಹಕ್ಕೇ ಇಲ್ಲ ಅನ್ನುವ ಹಾಗೆ. ರೇಡಿಯೋ ಆಯೋಡಿನ್ ಕೊಟ್ಟು, ಮೈಯಿಂದ ವಿಕಿರಣ ಬರ್ತದೆ ಅಂತ ಒಂದು ರೂಮಿನಲ್ಲಿ ಒಬ್ಬಳನ್ನೇ ಇಟ್ಟರು, ಊಟ ಬಾಗಿಲ ಹತ್ರ ಇಟ್ಟು ಹೋಗ್ತಿದ್ದರು. ಆ ಬಾಗಿಲು ಈಗಲೂ ಕನಸಲ್ಲಿ ಬರ್ತದೆ.

ಈಗ ಮನೆಯಲ್ಲಿ ಗಂಡು ನೋಡ್ತಿದ್ದಾರೆ. ಕುತ್ತಿಗೆಯ ಗೆರೆ ಕಾಣದ ಹಾಗೆ ಫೋಟೊ ತೆಗೀಬೇಕಂತೆ. ಅಮ್ಮ ಹೇಳುದು, "ಮೊದಲೇ ಹೇಳಿದ್ರೆ ಯಾರೂ ಬರುದಿಲ್ಲ, ಮಾತುಕತೆ ಮುಂದೆ ಹೋದ ಮೇಲೆ ಹೇಳುವ." ನಂಗೆ ಅದು ಮೋಸ ಅಂತ ಕಾಣ್ತದೆ. ಮೊನ್ನೆ ಒಬ್ಬರಿಗೆ ನಾನೇ ಫೋನಲ್ಲಿ ಹೇಳಿಬಿಟ್ಟೆ. ಅವರು ಎರಡು ದಿನ ಬಿಟ್ಟು "ಜಾತಕ ಕೂಡಿ ಬರ್ಲಿಲ್ಲ" ಅಂದ್ರು. ಅಮ್ಮನಿಗೆ ನನ್ನ ಮೇಲೆ ಸಿಟ್ಟು. ನಂಗೆ ಮಾತ್ರ ಆ ರಾತ್ರಿ ಒಳ್ಳೆ ನಿದ್ದೆ ಬಂತು.

---

ಡೇಕೇರ್_ಸಿಸ್ಟರ್

ಕ್ಷಮಿಸಿ, ನಿನ್ನೆ ಬರೆಯೋಕಾಗ್ಲಿಲ್ಲ.

ಟೈಲರಮ್ಮ, ಆಸ್ಪತ್ರೆನ ಮಿಸ್ ಮಾಡ್ಕೋತಾರಾ ಅಂತ ಕೇಳಿದ್ರಿ. ತುಂಬಾ ಜನ ಮಾಡ್ಕೋತಾರೆ. ಯಾರಿಗೂ ಹೇಳಲ್ಲ ಅಷ್ಟೇ. ಒಬ್ಬರು ಅಜ್ಜಿ ಟ್ರೀಟ್‌ಮೆಂಟ್ ಮುಗಿದ್ಮೇಲೂ ಗುರುವಾರ ಗುರುವಾರ ಬಂದು ಡೇಕೇರ್ ಹೊರಗಿನ ಬೆಂಚಲ್ಲಿ ಕೂತು ಹೋಗ್ತಿದ್ರು.

ಅಮೆರಿಕದಲ್ಲಿ ಫಿಟ್ಝ್‌ಹ್ಯೂ ಮುಲನ್ ಅಂತ ಒಬ್ಬ ಡಾಕ್ಟ್ರು, ಅವರಿಗೇ ಕ್ಯಾನ್ಸರ್ ಆಗಿತ್ತು. 1985ರಲ್ಲಿ ಅವರು ಒಂದು ವೈದ್ಯಕೀಯ ಪತ್ರಿಕೆಗೆ ಬರೆದಿದ್ದ ಮಾತಿನ ಸಾರ ಇದು: ಮುಳುಗ್ತಿರೋರನ್ನ ನೀರಿಂದ ಎತ್ತೋ ವಿದ್ಯೆ ನಮಗೆ ಚೆನ್ನಾಗಿ ಬಂದಿದೆ, ಆದರೆ ಎತ್ತಿದ ಮೇಲೆ ದಡದಲ್ಲಿ ಹಾಕಿ, ಕೆಮ್ಕೊಂಡು ನೀರು ಕಕ್ಕೊಂಡು ನೀವೇ ಸುಧಾರಿಸ್ಕೊಳ್ಳಿ ಅಂತ ಬಿಟ್ಟು ಹೋಗ್ತೀವಿ. ಚಿಕಿತ್ಸೆ ಮುಗಿದ ಮೇಲಿನದ್ದು ಬೇರೆಯದೇ ಒಂದು ಕಾಲ, ಅದರ ಮುಖ್ಯ ಲಕ್ಷಣ ಭಯ, ಅಂತಾನೂ ಅವರು ಹೇಳಿದ್ರು. ನೀವೀಗ ಇರೋದು ಅಲ್ಲೇ. ನಿಮ್ಮಲ್ಲೇನೋ ಕೊರತೆ ಇದೆ ಅಂತಲ್ಲ. ಟ್ರೀಟ್‌ಮೆಂಟ್ ನಡೆಯೋವಾಗ ಮುಂದಿನ ತಾರೀಖು, ಮುಂದಿನ ರಕ್ತ ಪರೀಕ್ಷೆ, ಇಷ್ಟೇ. ಅತ್ತು ಕೂರೋಕೆ ಪುರುಸೊತ್ತು ಸಿಗೋದೇ ಎಲ್ಲಾ ಮುಗಿದ್ಮೇಲೆ.

ಬೆರಳ ಜೋಮು ಆ ವಾರದ ಕೀಮೋದ್ದು, ಪ್ಯಾಕ್ಲಿಟ್ಯಾಕ್ಸೆಲ್. ತುಂಬಾ ಜನಕ್ಕೆ ತಿಂಗಳುಗಟ್ಟಲೆ ಆದ್ಮೇಲೆ ನಿಧಾನಕ್ಕೆ ಕಮ್ಮಿ ಆಗುತ್ತೆ, ಕೆಲವರಿಗೆ ಸ್ವಲ್ಪ ಉಳೀತದೆ. ಉಳಿದೇ ಉಳೀತದೆ ಅಂತ ಈಗ್ಲೇ ತೀರ್ಮಾನ ಮಾಡ್ಬೇಡಿ. ಎಡಗೈ ಊತ ಬರ್ತಿದ್ಯಾ ನೋಡ್ಕೊಳ್ಳಿ, ಮಿಷಿನ್ ಮುಂದೆ ಗಂಟೆಗಟ್ಟಲೆ ಒಂದೇ ಭಂಗಿ ಬೇಡ. ಬಳೆ ಬಿಗಿ ಅನ್ಸಿದ್ರೆ ತಕ್ಷಣ ತೋರಿಸಿ.

ಇನ್ನೊಂದು ವಿಷಯ, ಇದನ್ನ ದಯವಿಟ್ಟು ಎರಡು ಸಲ ಓದಿ. ಎರಡು ವಾರಕ್ಕಿಂತ ಜಾಸ್ತಿ ದಿನವಿಡೀ ಮಂಕು, ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂದ್ರೆ ಮಾನಸಿಕ ತಜ್ಞರ ಹತ್ರ ಹೋಗೋದು ಅವಮಾನ ಅಲ್ಲ. ಆದರೆ ಹೋದಾಗ ಟ್ಯಾಮಾಕ್ಸಿಫೆನ್ ತಗೋತಿದೀನಿ ಅಂತ ಮೊದಲೇ ಹೇಳಿ. ಪ್ಯಾರಾಕ್ಸೆಟಿನ್, ಫ್ಲೂಯಾಕ್ಸೆಟಿನ್ ಥರದ ಕೆಲವು ಖಿನ್ನತೆ ಮಾತ್ರೆಗಳು ಟ್ಯಾಮಾಕ್ಸಿಫೆನ್ ದೇಹದಲ್ಲಿ ಕೆಲಸಕ್ಕೆ ಬರೋ ರೂಪಕ್ಕೆ ಬದಲಾಗೋದನ್ನ ತಡೀತವೆ. ಬೇರೆ ಮಾತ್ರೆಗಳು ಇವೆ, ಹೇಳಿದ್ರೆ ಅದನ್ನ ಕೊಡ್ತಾರೆ. ದೂರ ಹೋಗೋಕಾಗಲ್ಲ ಅಂದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಿಂದ ಇದೆ. ದುಡ್ಡು ಕೊಡ್ಬೇಕಿಲ್ಲ, ಯಾವ ಹೊತ್ತಲ್ಲಾದ್ರೂ ಮಾಡ್ಬಹುದು, ಕನ್ನಡದಲ್ಲೇ ಮಾತಾಡ್ತಾರೆ. ನಿಮ್ಹಾನ್ಸ್‌ನವರು ಅದರ ಉಸ್ತುವಾರಿ ನೋಡ್ಕೋತಾರೆ.

@ಕಡಲ_ತಡಿ, ಒಳ್ಳೆ ಕ್ಯಾನ್ಸರ್ ಅಂತ ನಾನೂ ಒಂದಿಬ್ಬರಿಗೆ ಅಂದಿದೀನಿ ಕಣಮ್ಮ. ಇನ್ನು ಅನ್ನಲ್ಲ.

---

ಟೈಲರಮ್ಮ_ತಿಪಟೂರು

ಸಿಸ್ಟರ್, ಆ ಅಜ್ಜಿ ವಿಷಯ ಓದಿ ಏನೋ ಸಮಾಧಾನ ಆಯ್ತು. ಒಂದು ಕೇಳ್ಬೇಕಿತ್ತು. ಬೆನ್ನು ಸ್ವಲ್ಪ ನೋವು ಬಂದ್ರೂ ಮೂಳೆಗೆ ಬಂದಿರ್ಬೇಕು ಅನ್ಸಿ ರಾತ್ರಿಯೆಲ್ಲ ನಿದ್ದೆ ಇಲ್ಲ. ಮೂರು ತಿಂಗಳಿಗೊಂದು ಸಲ ಇಡೀ ಮೈ ನೋಡೋ ಪೆಟ್ ಸ್ಕ್ಯಾನ್ ಮಾಡಿಸ್ಕೊಂಡ್ರೆ ನೆಮ್ಮದಿ ಅಲ್ವಾ? ಚಿನ್ನ ಇಟ್ಟಾದ್ರೂ ಮಾಡಿಸೋಣ ಅಂತ.

---

ಡೇಕೇರ್_ಸಿಸ್ಟರ್

ಚಿನ್ನ ಪೆಟ್ಟಿಗೇಲೇ ಇರ್ಲಿ. ಲಕ್ಷಣ ಇಲ್ದೇ ಇರೋರಿಗೆ ಸುಮ್ಸುಮ್ನೆ ಪೆಟ್ ಸ್ಕ್ಯಾನ್ ಮಾಡಿಸೋದನ್ನ ಯಾವ ಮಾರ್ಗಸೂಚಿನೂ ಹೇಳಲ್ಲ. ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಡಾಕ್ಟ್ರಿಗೆ ತೋರಿಸ್ಬೇಕು, ಉಳಿದಿರೋ ಎದೆಗೆ ವರ್ಷಕ್ಕೊಂದು ಮ್ಯಾಮೊಗ್ರಾಮ್ ಅನ್ನೋ ಎಕ್ಸ್‌ರೇ. ಹೊಸ ನೋವು ವಾರಗಟ್ಟಲೆ ಬಿಡ್ದೇ ಇದ್ರೆ, ಹೆಚ್ತಾ ಹೋದ್ರೆ, ತಾರೀಖಿಗೆ ಕಾಯದೇ ಹೋಗಿ. ದಿನವಿಡೀ ಮಿಷಿನ್ ತುಳಿಯೋರಿಗೆ ಬೆನ್ನು ನೋವು ಮೊದಲೂ ಇತ್ತಲ್ವಾ?

---

ಟೈಲರಮ್ಮ_ತಿಪಟೂರು

ಇತ್ತು. ಹತ್ತು ವರ್ಷದಿಂದ ಇದೆ. 😀

---

ಫೈಲ್_ಹೊತ್ತವನು

ನಾನು ಪೇಷಂಟ್ ಅಲ್ಲ, ಪೇಷಂಟಿನ ಗಂಡ, ಹಾಸನ. ಇಲ್ಲಿ ಬರೀಬಹುದೋ ಇಲ್ವೋ ಗೊತ್ತಿಲ್ಲ.

ಒಂದೂವರೆ ವರ್ಷ ಆ ನೀಲಿ ಪ್ಲಾಸ್ಟಿಕ್ ಫೈಲ್ ನನ್ನ ಕಂಕುಳಲ್ಲೇ ಇತ್ತು. ಯಾವ ರಿಪೋರ್ಟ್ ಎಷ್ಟನೇ ಹಾಳೆ ಅಂತ ಕಣ್ಮುಚ್ಚಿ ಹೇಳ್ತಿದ್ದೆ. ಬಿಳಿ ರಕ್ತಕಣ ಎಷ್ಟು, ಪ್ಲೇಟ್‌ಲೆಟ್ ಎಷ್ಟು, ಎಲ್ಲಾ ಬಾಯಿಪಾಠ. ಕಿದ್ವಾಯಿ ಆಸ್ಪತ್ರೆ ಎದುರಿನ ಯಾವ ಹೋಟೆಲ್ಲಲ್ಲಿ ಗಂಜಿ ಸಿಗುತ್ತೆ, ಯಾವ ಲಾಡ್ಜಲ್ಲಿ ಸೊಳ್ಳೆ ಕಮ್ಮಿ, ಅದೂ ಗೊತ್ತು. ಅವಳು ಹುಷಾರಾದ್ಲು. ನಾನು ಮಾತ್ರ ಆ ಕೆಲಸ ಬಿಡ್ಲಿಲ್ಲ. ಊಟ ಆಯ್ತಾ, ಮಾತ್ರೆ ಆಯ್ತಾ, ಬಿಸಿನೀರು ಕುಡಿದ್ಯಾ, ಯಾಕೆ ಸುಸ್ತು, ಎಲ್ಲಿ ನೋವು. ಒಂದಿನ ಸಿಡುಕಿ ಅಂದ್ಲು, "ರೀ, ನೀವು ನನ್ನ ನೋಡೋದು ಬಿಟ್ಟು ಎಷ್ಟು ದಿನ ಆಯ್ತು? ಬರೀ ಫೈಲ್ ನೋಡ್ತಿದೀರಿ."

ಹೋದ ಜನವರಿಯಲ್ಲಿ ಒಬ್ಬಳೇ ಧರ್ಮಸ್ಥಳಕ್ಕೆ ಹೋಗ್ತೀನಿ ಅಂದ್ಲು. ಜಗಳ ಆಯ್ತು. ಕೊನೆಗೆ ಬಸ್ ಹತ್ತಿಸಿದೆ, ಕಿಟಕಿ ಸೀಟು ಕೊಡಿಸಿದೆ. ಮನೆಗೆ ಬರೋ ಬದಲು ಬಸ್‌ಸ್ಟ್ಯಾಂಡಲ್ಲೇ ಕೂತುಬಿಟ್ಟೆ. ಸಕಲೇಶಪುರ ದಾಟಿದ್ಯಾ ಅಂತ ಫೋನ್ ಮಾಡ್ದೆ, ದಾಟ್ತು ಅಂದ್ಲು. ಆಮೇಲೆ ಶಿರಾಡಿ ಘಾಟಿ, ನೆಟ್‌ವರ್ಕ್ ಇಲ್ಲ. ಆ ಅಷ್ಟೂ ಹೊತ್ತು ಏನು ಮಾಡ್ಬೇಕು ಅಂತ ತೋಚಲಿಲ್ಲ. ಒಂದೂವರೆ ವರ್ಷದಲ್ಲಿ ನಾನು ಒಂದು ಸಲಾನೂ ಅತ್ತಿರ್ಲಿಲ್ಲ. ಅವತ್ತು ಕೆಎಸ್‌ಆರ್‌ಟಿಸಿ ಬೆಂಚಲ್ಲಿ, ಪಕ್ಕದಲ್ಲಿ ಕೋಳಿ ಬುಟ್ಟಿ ಇಟ್ಕೊಂಡವರೊಬ್ಬರು ಕೂತಿದ್ರು, ಅವರ ಮುಂದೆ ಅತ್ತೆ. ಅವರು ಏನೂ ಕೇಳದೆ ಬೀಡಿ ಕೊಟ್ರು. ನಾನು ಸೇದಲ್ಲ, ಆದ್ರೂ ಇಸ್ಕೊಂಡೆ.

ಅವಳು ವಾಪಸ್ ಬಂದಾಗ ಕೈತುಂಬ ಬಳೆ ಹಾಕ್ಕೊಂಡಿದ್ಲು. ಹಸಿರು. ನನ್ನನ್ನ ಕೇಳಿರ್ಲಿಲ್ಲ.

---

ಕಂಡಕ್ಟರ್_ಹುಬ್ಬಳ್ಳಿ

ಸಾಹೇಬ್ರ, ನಿಮ್ಮ ಮಾತು ನಮ್ಮ ಮನ್ಯಾಕಿಗೆ ತೋರಿಸಿದೆ. ಓದಿ ಸುಮ್ಮನ ಒಳಗ ಹೋದ್ಲು. ಸ್ವಲ್ಪ ಹೊತ್ತಾದ ಮ್ಯಾಲೆ ಬಂದು "ನಾನೂ ಒಬ್ಬಾಕಿನ ಎಲ್ಲೆರ ಹೋಗಿ ಬರ್ತೀನಿ" ಅಂದ್ಲು. ಕೂಡ್ಲ ಸಂಗಮಕ್ಕ ಹೋಗಿ ಬಾ ಅಂದೀನಿ. ಮೂರು ವರ್ಷದಾಗ ಆಕಿಗೆ ಏನಾಗೇತಿ ಅಂತ ನಾನು ಕೇಳೇ ಇಲ್ಲ ನೋಡ್ರಿ.

---

ಎಡಿಸನ್_ಕನ್ನಡಿಗ

ನ್ಯೂಜೆರ್ಸಿಯಿಂದ. ಇಲ್ಲಿ ಟ್ರೀಟ್‌ಮೆಂಟ್ ಮುಗಿದಾಗ ಒಂದು ಪ್ರಿಂಟ್ ಕೊಟ್ಟರು: ಏನೇನು ಔಷಧಿ ಹೋಯಿತು, ಮುಂದೆ ಯಾವಾಗ ಏನು ಪರೀಕ್ಷೆ, ಸುಸ್ತಿಗೆ ಏನು, ಮನಸ್ಸಿಗೆ ಯಾರು. ಉಪಯೋಗಕ್ಕೆ ಬಂತು. ಬೆಂಬಲ ಗುಂಪಿಗೂ ಹೋದೆ. ಎಲ್ಲರೂ ಒಳ್ಳೆಯವರೇ, ಆದರೆ ನನಗೆ ಅಳು ಬರುವುದು ಕನ್ನಡದಲ್ಲಿ. "ಹೊಟ್ಟೆಯಲ್ಲಿ ಸಂಕಟ" ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನು ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಅಳು ನಿಂತುಹೋಗುತ್ತಿತ್ತು. ಹಾಗಾಗಿ ಇಲ್ಲಿ ಬಂದೆ.

ಸುಸ್ತಿನ ಬಗ್ಗೆ ಒಂದು ಮಾತು. ನನ್ನದು ಮಲಗಿದರೂ ಹೋಗದ ಸುಸ್ತು. ವಿಶ್ರಾಂತಿಗಿಂತ ನಡಿಗೆಯೇ ಅದಕ್ಕೆ ಮದ್ದು ಎಂದರು, ನಂಬಲಿಲ್ಲ. ಮೊದಲ ದಿನ ಅಂಚೆ ಡಬ್ಬಿಯವರೆಗೆ. ಈಗ ದಿನಕ್ಕೆ ಅರ್ಧ ಗಂಟೆ. ನಿಜ, ಕಡಿಮೆಯಾಗಿದೆ.

---

ಮೈಸೂರು_ಪಾಕ

ಅಮ್ಮಂಗೆ ಎಲ್ಲಾ ಓದಿ ಹೇಳಿದೆ. ಕೇಳಿ ಮುಗಿಸಿ ಅಮ್ಮ ಅಂದಿದ್ದು: "ಆ ಟೈಲರ್ ಹತ್ರ ಕೇಳು, ಎದೆ ತೆಗೆದ ಕಡೆ ಬ್ಲೌಸ್ ಒಳಗೆ ಇಟ್ಕೊಳ್ಳೋಕೆ ಅವರು ಏನು ಮಾಡ್ಕೊಂಡಿದಾರೆ ಅಂತ." ಅಂಗಡಿಯದ್ದು ಸಾವಿರಾರು ರೂಪಾಯಿ, ಸೆಖೆಗೆ ಅಂಟುತ್ತಂತೆ. ಅಮ್ಮ ಇದನ್ನ ನನ್ನ ಹತ್ರ ಇಷ್ಟು ದಿನ ಹೇಳೇ ಇರ್ಲಿಲ್ಲ.

---

ಟೈಲರಮ್ಮ_ತಿಪಟೂರು

ಐದು ವಾರ ಆಯ್ತು ಈ ಕಡೆ ಬಂದು. ಮೈಸೂರಮ್ಮನ ಪ್ರಶ್ನೆ ನೋಡಿ ಆವತ್ತು ಮೊಬೈಲ್ ಮಡಿಸಿಟ್ಟುಬಿಟ್ಟೆ. ಉತ್ತರ ಇರ್ಲಿಲ್ಲ. ನಾನು ಏನೂ ಮಾಡ್ಕೊಂಡಿರ್ಲಿಲ್ಲ, ಹಳೇ ಕರ್ಚೀಫು ಸುರುಳಿ ಸುತ್ತಿ ತುರುಕ್ಕೊಳ್ಳೋದು. 19 ವರ್ಷ ಊರವರಿಗೆಲ್ಲ ಹೊಲಿದೋಳು.

ಮಾರನೇ ದಿನ ಕೂತೆ. ಮೊದಲು ಬರೀ ಹತ್ತಿ ತುಂಬಿದೆ, ಹಗುರಾಗಿ ಮೇಲಕ್ಕೆ ಏರ್ಕೊಂಡು ಕುತ್ತಿಗೆ ಹತ್ರ ಬಂತು. ತೂಕ ಬೇಕು ಅಂತ ರಾಗಿ ತುಂಬಿದೆ (ನಮ್ಮೂರಲ್ಲಿ ಇನ್ನೇನು ಸಿಗುತ್ತೆ). ಚೆನ್ನಾಗಿ ಕೂತ್ಕೊಳ್ತು, ಆದ್ರೆ ಬೇಸಿಗೆ, ಬೆವರು. ಮೂರನೇ ದಿನ ಮೊಳಕೆ ಬಂದುಬಿಡುತ್ತೇನೋ ಅಂತ ಭಯ ಆಯ್ತು. ಮನೆಯವರಿಗೆ ಹೇಳ್ದೆ, ಇಬ್ರೂ ಅಡಿಗೆಮನೇಲಿ ನೆಲದ ಮೇಲೆ ಕೂತು ನಕ್ಕಿದ್ದು ಅಷ್ಟಿಷ್ಟಲ್ಲ. ಆಪರೇಶನ್ ಆದ್ಮೇಲೆ ಆ ಕಡೆ ಅವರು ನೋಡಿದ್ದು ಅವತ್ತೇ ಮೊದಲು.

ಈಗ ಮಾಡಿರೋದು: ಹಳೇ ಕಾಟನ್ ಪಂಚೆ ಬಟ್ಟೆ ಎರಡು ಪದರ, ದಿಂಬಿಗೆ ಹಾಕೋ ಫೈಬರ್ ಹತ್ತಿ ತುಂಬಿ, ಕೆಳಗಿನ ಅಂಚಿಗೆ ಸಣ್ಣ ಗಾಜಿನ ಮಣಿ ಒಂದು ಚೀಲ. ಮಣಿ ಸೀರೆ ಕುಚ್ಚಿಗೆ ತಂದಿದ್ದು. ಬ್ಲೌಸ್ ಲೈನಿಂಗಲ್ಲೇ ಒಂದು ಜೇಬು, ಮೇಲಿಂದ ತೆಗೆದು ಒಗೀಬಹುದು. ಹೊಲಿಗೆ ಒಳಗಡೆ ಬರಬಾರದು, ರೇಡಿಯೇಶನ್ ಆದ ಚರ್ಮಕ್ಕೆ ಒತ್ತುತ್ತೆ. ಕೈ ಹೊಲಿಗೆಗೆ ಮಗ ಬೆರಳಿಗೆ ಹಾಕೋ ಕವಚ ತಂದ್ಕೊಟ್ಟ, ಅದು ಹಾಕ್ಕೊಂಡು ಎರಡು ಹುಕ್ಕು ಹಾಕ್ತೀನಿ, ಕೈ ಬಿಡ್ತೀನಿ, ಮತ್ತೆರಡು ಹಾಕ್ತೀನಿ. ಮೊದಲಿನ ಸ್ಪೀಡ್ ಇಲ್ಲ. ಕಂಡಕ್ಟರಣ್ಣ ಹೇಳಿದ ಹಾಗೆ, ಅವಳು ಬರಲ್ಲ ಅನ್ಸುತ್ತೆ. ಹಬ್ಬದ ಹಿಂದಿನ ದಿನ ಹನ್ನೊಂದು ಬ್ಲೌಸ್ ಮುಗಿಸ್ತಿದ್ದೋಳು ಅವಳು. ಕೆಲವು ದಿನ ಅವಳ ಮೇಲೆ ಹೊಟ್ಟೆಕಿಚ್ಚಾಗುತ್ತೆ.

ರಾತ್ರಿ ಭಯ ಇನ್ನೂ ಇದೆ. 14416ಕ್ಕೆ ಒಂದು ಸಲ ಮಾಡ್ದೆ, ರಾತ್ರಿ ಒಂದೂವರೆಗೆ. ಒಬ್ಬ ಹುಡುಗಿ ಅರ್ಧ ಗಂಟೆ ಕೇಳಿಸ್ಕೊಂಡ್ಲು. ಮುಂದಿನ ವಾರ ತುಮಕೂರಿಗೆ ಮಾನಸಿಕ ಡಾಕ್ಟ್ರ ಹತ್ರ ಹೋಗ್ತಿದೀನಿ, ಟ್ಯಾಮಾಕ್ಸಿಫೆನ್ ಚೀಟಿ ಪರ್ಸಲ್ಲಿ ಇಟ್ಕೊಂಡಿದೀನಿ ಸಿಸ್ಟರ್.

ಮೈಸೂರಮ್ಮಂಗೆ ಒಂದು ಹೊಲಿದು ಕಳಿಸ್ತೀನಿ. ದುಡ್ಡು ತಗೋತೀನಿ, ಬಿಟ್ಟಿ ಕೊಟ್ರೆ ಅವರಿಗೂ ಚೆನ್ನಾಗಿರಲ್ಲ. ಅಡ್ಮಿನ್ ಕೈಲಿ ಮೆಸೇಜ್ ಕಳಿಸಿ ಅಳತೆ ಕೊಡಿ. ಎರಡೂ ಕಡೆ ಬೇರೆ ಬೇರೆ ತಗೊಳ್ಳಿ, ಎದೆ ಮಧ್ಯದಿಂದ ಕಂಕುಳಿನವರೆಗೆ. ಒಂದೇ ಸುತ್ತಳತೆ ಕೊಟ್ರೆ ಕೆಲಸಕ್ಕೆ ಬರಲ್ಲ. ನಂದೂ ಹಾಗೇ ತಗೊಂಡೆ.

---

ಕಡಲ_ತಡಿ

ಟೈಲರಕ್ಕ, ನಂಗೆ ಹೈನೆಕ್ ಬೇಡ. ಕುತ್ತಿಗೆ ಕಾಣುವ ಹಾಗೆ ಒಂದು ಹೊಲಿದು ಕೊಡ್ತೀರಾ? ಮುಂದಿನ ಫೋಟೊಕ್ಕೆ.

---

ಮೈಸೂರು_ಪಾಕ

ಅಮ್ಮ ಅಳತೆ ಕೊಟ್ರು, ಕಳಿಸಿದೀನಿ. ಒಂದು ಪ್ರಶ್ನೆ ಕೇಳು ಅಂದ್ರು: ಹುಕ್ಕು ಹಿಂದೆನಾ ಮುಂದೆನಾ?

---

ಟೈಲರಮ್ಮ_ತಿಪಟೂರು

ಮುಂದೆ. ಆಪರೇಶನ್ ಆದ ಕೈ ಅಷ್ಟು ಹಿಂದಕ್ಕೆ ಹೋಗಲ್ಲ ಅಂತ ನಂಗೊತ್ತು.